ಎದುರು ಮನೆಯ ಪೈಲಟ್

ನಮ್ಮ ತಂಡವನ್ನು ಮುಚ್ಚಿದ್ದು ಮೇ ತಿಂಗಳ ಒಂದು ಗುರುವಾರ. ಹನ್ನೊಂದು ಜನರನ್ನು ಮೀಟಿಂಗ್ ರೂಮಿಗೆ ಕರೆದರು. ನಮ್ಮಲ್ಲಿ ಯಾರೂ ಅದುವರೆಗೆ ನೋಡಿರದ ಒಬ್ಬಾಕೆ ಒಂದು ಹಾಳೆಯನ್ನು ಓದಿದರು. ಯಾರ ತಪ್ಪೂ ಇಲ್ಲ, ಆ ಕೆಲಸವೇ ಇನ್ನು ಕಂಪನಿಗೆ ಬೇಕಿಲ್ಲ ಎಂಬುದು ಅದರ ಸಾರ. ಕಾಲು ಗಂಟೆಯಲ್ಲಿ ಎಲ್ಲ ಮುಗಿಯಿತು. ನಾನು ಅಲ್ಲಿ ಒಂಬತ್ತು ವರ್ಷ ಇದ್ದೆ. ವಿಮಾನದ ರೆಕ್ಕೆಗೆ ಬಳಸುವ ಹಗುರವಾದ ಹಲಗೆಗಳನ್ನು ಬಗ್ಗಿಸಿ, ತಿರುಚಿ, ಎಳೆದು, ಎಷ್ಟು ಭಾರಕ್ಕೆ ಮುರಿಯುತ್ತವೆ ಎಂದು ನೋಡುವುದು ನನ್ನ ಕೆಲಸವಾಗಿತ್ತು. ಬಾಗಿಲಲ್ಲಿ ಕೊರಳಿನ ಬ್ಯಾಡ್ಜ್ ತೆಗೆದುಕೊಟ್ಟು, ರಟ್ಟಿನ ಡಬ್ಬಿಯೊಂದನ್ನು ಹಿಡಿದು ಹೊರಗೆ ಬಂದು ಕಾರಿನಲ್ಲಿ ಕೂತೆ. ನಾರ್ತ್ ಕ್ರೀಕ್‌ನ ಆ ಪಾರ್ಕಿಂಗ್ ಜಾಗದಿಂದ ಸಿಯಾಟಲ್ ಪಕ್ಕದ ಬಾಥೆಲ್‌ನ ನಮ್ಮ ಮನೆಗೆ ಹತ್ತು ನಿಮಿಷದ ದಾರಿ. ಆದರೆ ಮಧ್ಯಾಹ್ನ ಎರಡಕ್ಕೆ ಮನೆಗೆ ಹೋಗುವ ಹಾಗಿರಲಿಲ್ಲ. ಮನೆಯಲ್ಲಿ ಅತ್ತೆ ಇದ್ದರು.

ಅತ್ತೆ ಧಾರವಾಡದವರು. ಹೈಸ್ಕೂಲಿನಲ್ಲಿ ಮೂವತ್ತಾರು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ನಮ್ಮ ಜೊತೆ ಆರು ತಿಂಗಳು ಇರಲೆಂದು ಬಂದು ಆಗ ಮೂರೇ ವಾರವಾಗಿತ್ತು. ಮೈಸೂರಿನ ಹುಡುಗಿ, ಅದೂ ಅಮೆರಿಕದಲ್ಲಿ ಓದುತ್ತಿರುವವಳು, ಮನೆಗೆ ಹೊಂದುತ್ತಾಳೋ ಇಲ್ಲವೋ ಎಂದು ನೆಂಟರೆಲ್ಲ ಅನುಮಾನಪಟ್ಟಾಗ ನನ್ನ ಪರ ನಿಂತವರು ಅವರೊಬ್ಬರೇ. "ನಮ್ಮ ಸೊಸಿ ವಿಮಾನ ಮಾಡ್ತಾಳ" ಎಂದು ಊರೆಲ್ಲ ಹೇಳಿಕೊಂಡು ಬಂದಿದ್ದರು. ನಾನು ವಿಮಾನ ಮಾಡುವುದಿಲ್ಲ, ಅದರ ತುಂಡುಗಳನ್ನು ಮುರಿಯುತ್ತೇನೆ ಎಂದು ಎಷ್ಟು ಸಲ ಹೇಳಿದರೂ ಅವರು ಒಪ್ಪಿರಲಿಲ್ಲ. ಅಂಥವರ ಮುಂದೆ ಹೋಗಿ ನನ್ನ ಕೆಲಸ ಹೋಯಿತು ಎನ್ನಲು ನನಗೆ ಬಾಯಿ ಬರಲಿಲ್ಲ. ಗಂಡನಿಗೆ ಮಾತ್ರ ಹೇಳಿದೆ.

"ಅಮ್ಮಂಗೆ ಹೇಳ್ಬೇಡಿ. ಇನ್ನೊಂದು ಕೆಲಸ ಸಿಕ್ಕಿದ್ಮೇಲೆ ನಾನೇ ಹೇಳ್ತೀನಿ" ಎಂದೆ.

"ಅಮ್ಮ ಏನೂ ಅನ್ಕೊಳ್ಳಲ್ಲ" ಎಂದರು ಅವರು. ಆದರೂ ನನ್ನ ಮುಖ ನೋಡಿ ಒಪ್ಪಿದರು.

ಮಾರನೆಯ ದಿನ ಎಂದಿನಂತೆ ಎಂಟು ಗಂಟೆಗೆ ತಯಾರಾದೆ. ಅತ್ತೆ ಕಟ್ಟಿಕೊಟ್ಟ ಚಪಾತಿ ಡಬ್ಬಿ ತೆಗೆದುಕೊಂಡು, ಹತ್ತು ವರ್ಷದ ಮಗಳನ್ನು ಸ್ಕೂಲಿನ ಹತ್ತಿರ ಇಳಿಸಿ, ಬಾಥೆಲ್ ಲೈಬ್ರರಿಗೆ ಹೋಗಿ ಕೂತೆ. ಅಲ್ಲಿಂದಲೇ ಅರ್ಜಿಗಳನ್ನು ಕಳಿಸಿದೆ, ಅಲ್ಲೇ ಡಬ್ಬಿ ಖಾಲಿ ಮಾಡಿದೆ, ಐದೂವರೆಗೆ ಮನೆಗೆ ಹೊರಟೆ. ಹೀಗೆ ಎರಡು ವಾರ ಕಳೆಯಿತು. ಒಂದೇ ಒಂದು ಕಡೆಯಿಂದಲೂ ಉತ್ತರ ಬರಲಿಲ್ಲ.

ಮೂರನೆಯ ವಾರದ ಒಂದು ಬೆಳಿಗ್ಗೆ ಕಾರು ತೆಗೆಯುವಾಗ ಎದುರು ಮನೆಯ ಅಜ್ಜಿ ರಸ್ತೆ ದಾಟಿ ಬಂದು ಕಿಟಕಿ ತಟ್ಟಿದರು. ಅವರಿಗೆ ತೊಂಬತ್ತು ದಾಟಿತ್ತು. ಒಬ್ಬರೇ ಇದ್ದರು. ಮನೆಯ ಮುಂದೆ ಬ್ಲೂಬೆರಿ ಗಿಡಗಳನ್ನು ಸಾಲಾಗಿ ಬೆಳೆಸಿದ್ದರು, ಹಣ್ಣಿನ ಕಾಲದಲ್ಲಿ ನಮ್ಮ ಮಗಳನ್ನು ಕರೆದು ಬುಟ್ಟಿ ಕೊಡುತ್ತಿದ್ದರು. ಈ ಕಡೆ ಮೂವತ್ತು ವರ್ಷ ಸ್ಕೂಲ್ ಬಸ್ ಓಡಿಸಿದ್ದರು ಎಂಬುದು ಮಾತ್ರ ನನಗೆ ಅವರ ಬಗ್ಗೆ ಗೊತ್ತಿದ್ದದ್ದು. ಅವರು ಆಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಉಳಿದಿರುವುದು ನನ್ನದೇ ಕನ್ನಡದಲ್ಲಿ.

"ನಾನು ವಾರಕ್ಕೆ ಮೂರು ದಿನ ವಯಸ್ಸಾದವರನ್ನ ಕರ್ಕೊಂಡು ಹೋಗೋ ವ್ಯಾನ್‌ನಲ್ಲಿ ಲೈಬ್ರರಿಗೆ ಬರ್ತೀನಿ, ಅಲ್ಲಿನ ದೊಡ್ಡ ಭೂತಗನ್ನಡಿಯಲ್ಲಿ ಪೇಪರ್ ಓದೋಕೆ" ಎಂದರು. "ನೀನು ಕಿಟಕಿ ಪಕ್ಕದ ಮೇಜಲ್ಲಿ ಇರ್ತೀಯ. ಬೆಳಿಗ್ಗೆಯಿಂದ ಸಂಜೆವರೆಗೂ."

ನಾನು ಎಂಜಿನ್ ಆಫ್ ಮಾಡಿದೆ.

"ಯಾಕೆ ಅಂತ ಕೇಳೋಕೆ ಬಂದಿಲ್ಲ. ನಾಳೆ ನನಗೆ ಕಣ್ಣಿನ ಡಾಕ್ಟರ ಹತ್ರ ಹೋಗಬೇಕು. ನನ್ನ ಲೈಸೆನ್ಸ್ ಹೋದ ವರ್ಷವೇ ವಾಪಸ್ ಕೊಟ್ಟೆ. ನಿನಗೆ ಬಿಡುವಿದ್ರೆ ಡ್ರೈವ್ ಮಾಡ್ತೀಯಾ?"

ಬಿಡುವಿತ್ತು. ಮರುದಿನ ಕರೆದುಕೊಂಡು ಹೋದೆ. ಅವರ ಪಕ್ಕದಲ್ಲಿ ಕಾರು ಓಡಿಸುವುದು ಸುಲಭವಾಗಿರಲಿಲ್ಲ. ಹೊರಡುವ ಮುಂಚೆ ಟೈರುಗಳನ್ನು ಒಂದು ಸುತ್ತು ನೋಡಿ ಬಂದರು. 405 ಹೆದ್ದಾರಿಗೆ ಸೇರುವಾಗ ಕತ್ತು ಹೊರಳಿಸಿ "ಬಲಗಡೆ ಕ್ಲಿಯರ್" ಎಂದರು. ಕಣ್ಣು ಅರ್ಧ ಮಂಜಾದವರ ಆ ಭರವಸೆಯನ್ನು ನಂಬಬೇಕೋ ಬೇಡವೋ ತಿಳಿಯದೆ ನಾನು ಇನ್ನೊಂದು ಸಲ ಕನ್ನಡಿ ನೋಡಿದೆ.

ಡಾಕ್ಟರ ಹತ್ತಿರ ಒಂದು ಫಾರಂ ಕೊಟ್ಟರು. ನನಗೆ ಅಕ್ಷರ ಕಾಣುವುದಿಲ್ಲ, ನೀನೇ ತುಂಬು ಎಂದರು ಅಜ್ಜಿ. ಹಿಂದೆ ಮಾಡುತ್ತಿದ್ದ ಉದ್ಯೋಗ ಎಂಬಲ್ಲಿ ನಾನು ಸ್ಕೂಲ್ ಬಸ್ ಎಂದು ಬರೆಯಲು ಶುರುಮಾಡಿದೆ. ಅವರು ನನ್ನ ಕೈ ಮೇಲೆ ಕೈ ಇಟ್ಟರು.

"ಮೊದಲು ಪೈಲಟ್ ಅಂತ ಬರಿ. ಆಮೇಲೆ ಬಸ್ಸು."

ತಮಾಷೆ ಎಂದುಕೊಂಡು ನಕ್ಕೆ. ಅವರು ನಗಲಿಲ್ಲ. ನಾನು ಬರೆದೆ.

ವಾಪಸ್ ಬರುವಾಗ ಕೇಳಿದೆ. ಹೇಳಿದರು, ಬಹಳ ಚುಟುಕಾಗಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ಹೊರದೇಶಕ್ಕೆ ಹೋಗಿ ಇಲ್ಲಿ ವಿಮಾನ ಓಡಿಸುವವರು ಸಾಲದೆ ಬಂದಾಗ, ಮೊದಲೇ ಹಾರಲು ಕಲಿತಿದ್ದ ಹೆಣ್ಣುಮಕ್ಕಳನ್ನು ಸರ್ಕಾರ ಆರಿಸಿ ತರಬೇತಿ ಕೊಟ್ಟಿತು. ಅವರು ಯುದ್ಧಕ್ಕೆ ಹೋಗುವಂತಿಲ್ಲ. ದೇಶದೊಳಗಿನ ಕೆಲಸ ಮಾತ್ರ. ಎದುರು ಮನೆಯವರು ಈ ರಾಜ್ಯದ ಪೂರ್ವಕ್ಕಿರುವ ಗೋಧಿ ಸೀಮೆಯ ರೈತನ ಮಗಳು. ಪಕ್ಕದ ಹೊಲದವರ ಹಳೆಯ ವಿಮಾನದಲ್ಲಿ ಕಲಿತವರು. ಕಾರ್ಖಾನೆಯಲ್ಲಿ ತಯಾರಾದ ಹೊಸ ಯುದ್ಧವಿಮಾನಗಳನ್ನು ಹಾರಿಸಿಕೊಂಡು ಹೋಗಿ ಬಂದರಿಗೆ ತಲುಪಿಸುವುದು ಅವರ ಪಾಲಿಗೆ ಬಂದ ಕೆಲಸ.

"ಅದರಲ್ಲಿ ಒಂದೇ ಸೀಟು. ಕಲಿಸೋರಿಗೆ ಕೂರೋಕೆ ಜಾಗವೇ ಇಲ್ಲ. ಮೊದಲನೇ ಸಲವೇ ಒಬ್ಬಳೇ" ಎಂದರು. "ಯುದ್ಧ ಇನ್ನೂ ಮುಗಿದೇ ಇರಲಿಲ್ಲ. ಒಂದು ಅಕ್ಟೋಬರ್‌ನಲ್ಲಿ ಕಾಗದ ಬಂತು. ಗಂಡಸರು ವಾಪಸ್ ಬರ್ತಿದಾರೆ, ಡಿಸೆಂಬರ್‌ಗೆ ನಿಮ್ಮ ಕಾರ್ಯಕ್ರಮ ಬಂದ್ ಅಂತ."

ಆ ಮೇಲೆ ಅವರು ಕಿಟಕಿಯ ಕಡೆ ತಿರುಗಿದರು. ನಮ್ಮ ರಸ್ತೆ ಬಂದಾಗ, "ನಿನಗೂ ಕಾಗದ ಬಂದಿರಬೇಕು" ಎಂದರು. ಆಗ ನಾನು ಕಾರು ನಿಲ್ಲಿಸಿ ಎಲ್ಲ ಹೇಳಿದೆ. ಅತ್ತೆಯ ವಿಷಯವನ್ನೂ ಹೇಳಿದೆ. ಅವರು ಬುದ್ಧಿ ಹೇಳಲಿಲ್ಲ. "ಭಾನುವಾರ ನಿಮ್ಮತ್ತೇನ ಕಾಫಿಗೆ ಕರ್ಕೊಂಡು ಬಾ. ನಾವಿಬ್ರೂ ಒಂದು ತಿಂಗಳಿಂದ ದಿನಾ ಕೈ ಬೀಸ್ತಾ ಇದೀವಿ, ಒಂದು ಮಾತೂ ಆಡಿಲ್ಲ" ಎಂದರು.

ಆ ಭಾನುವಾರ ದೇವಸ್ಥಾನಕ್ಕೆ ಹೋಗಿ ಬಂದು, ಅದೇ ಸೀರೆಯಲ್ಲಿ, ಅತ್ತೆ ನನ್ನೊಡನೆ ಎದುರು ಮನೆಗೆ ಬಂದರು. ಕೈಯಲ್ಲಿ ರವೆ ಉಂಡೆಯ ಡಬ್ಬಿ. ಅತ್ತೆಗೆ ಇಂಗ್ಲಿಷ್ ಓದಲು ಬರುತ್ತದೆ, ಆದರೆ ಇಲ್ಲಿನವರು ಮಾತಾಡಿದರೆ ತಿಳಿಯುವುದಿಲ್ಲ. ಹೀಗಾಗಿ ಅಡುಗೆಮನೆಯ ಮೇಜಿನಲ್ಲಿ ಅವರಿಬ್ಬರ ನಡುವೆ ನಾನು ಕೂತೆ. ಆ ಕಡೆಯದನ್ನು ಈ ಕಡೆಗೆ, ಈ ಕಡೆಯದನ್ನು ಆ ಕಡೆಗೆ ಹೇಳುವುದಷ್ಟೇ ನನ್ನ ಪಾತ್ರ.

ಅಜ್ಜಿ ಒಂದು ಫೋಟೋ ತೆಗೆದು ತೋರಿಸಿದರು. ಅಳತೆಗಿಂತ ದೊಡ್ಡದಾದ ಗಂಡಸರ ಹಾರಾಟದ ಉಡುಪು ತೊಟ್ಟು, ತೋಳು ಮಡಚಿಕೊಂಡು, ರೆಕ್ಕೆಯ ಕೆಳಗೆ ನಿಂತ ಮೂವರು ಹುಡುಗಿಯರು. ಅತ್ತೆ ಫೋಟೋವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಈ ನಡುವಿನಾಕಿ ಇವರಽ. ಗದ್ದ ನೋಡು" ಎಂದರು. ಸರಿಯಾಗಿಯೇ ಗುರುತಿಸಿದ್ದರು.

"ಎಡಗಡೆಯವಳು ಸತ್ತುಹೋದಳು" ಎಂದರು ಅಜ್ಜಿ. "ಎಂಜಿನ್ ಕೆಟ್ಟು ಹೊಲದಲ್ಲಿ ಬಿದ್ದಳು. ನಮ್ಮನ್ನ ಸೈನಿಕರು ಅಂತ ಲೆಕ್ಕಕ್ಕೆ ತಗೊಂಡಿರಲಿಲ್ಲ. ಶವಪೆಟ್ಟಿಗೆ ಮೇಲೆ ಬಾವುಟ ಹೊದಿಸಲಿಲ್ಲ. ನಮ್ಮಲ್ಲೇ ಒಬ್ಬಳು ರೈಲಿನಲ್ಲಿ ಅವಳ ಜೊತೆ ಊರಿನವರೆಗೂ ಹೋದಳು."

ನಾನು ಹೇಳಿದೆ. ಅತ್ತೆ ಕಾಫಿ ಲೋಟ ಕೆಳಗಿಟ್ಟರು. ಆಮೇಲೆ ಕಾಗದದ ಮಾತು ಬಂತು, ಡಿಸೆಂಬರ್ ಮಾತು ಬಂತು. ಕ್ರಿಸ್‌ಮಸ್‌ಗೆ ಐದು ದಿನ ಇರುವಾಗ ಕೊನೆಯ ದಿನ. ಊಟ ಹಾಕಿದರು, ಯಾರೋ ಭಾಷಣ ಮಾಡಿದರು, ಎಲ್ಲರ ಕೈ ಕುಲುಕಿದರು. ಅಜ್ಜಿ ಅಷ್ಟಕ್ಕೇ ನಿಲ್ಲಿಸಿದರು. ನನಗೆ ಅಷ್ಟೇ ಸಾಕೆನಿಸಿತ್ತು. ಅತ್ತೆಗೆ ಸಾಲಲಿಲ್ಲ.

"ಮರುದಿನ ಮುಂಜಾನೆ ಎದ್ದು ಏನ್ ಮಾಡಿದ್ರಂತ? ಅದನ್ನ ಕೇಳು."

ಕೇಳಿದೆ. ಅಜ್ಜಿ ಅತ್ತೆಯ ಕಡೆ ತಿರುಗಿದರು.

"ಇದನ್ನ ಯಾರೂ ಕೇಳಿರಲಿಲ್ಲ" ಎಂದರು. "ಐದು ಗಂಟೆಗೇ ಎಚ್ಚರ ಆಯ್ತು, ಅಭ್ಯಾಸ. ಲಂಗ, ಕೋಟು ಹಾಕ್ಕೊಂಡು ವಿಮಾನ ಮೈದಾನಕ್ಕೆ ಹೋದೆ. ನಮ್ಮ ತಂಡದ ಬೇರೆ ಇಬ್ಬರು ಆಗಲೇ ಅಲ್ಲಿ ನಿಂತಿದ್ರು. ಗೇಟಿನವನಿಗೆ ನಮ್ಮ ಹೆಸರು, ನಮ್ಮ ನಾಯಿ ಹೆಸರು ಎಲ್ಲಾ ಗೊತ್ತು. ಆದ್ರೂ ಒಳಗೆ ಬಿಡೋ ಹಾಗಿಲ್ಲ. ಬೇಲಿ ಹೊರಗಿಂದ ನೋಡಿದ್ವಿ. ಹೊಸ ವಿಮಾನಗಳು ಸಾಲಾಗಿ ನಿಂತಿದ್ವು, ರೆಕ್ಕೆ ಮೇಲೆ ಹಿಮ. ತಲುಪಿಸೋಕೆ ಯಾರೂ ಇರಲಿಲ್ಲ. ನಮ್ಮಲ್ಲೊಬ್ಬಳು ಒಬ್ಬ ಆಫೀಸರನ್ನ ಬೇಲಿ ಹತ್ರ ಕರೆದು, ನಿಮಗೆ ಜನ ಸಿಗೋವರೆಗೂ ನಾವೇ ಸುಮ್ನೆ ತಲುಪಿಸಿಕೊಡ್ತೀವಿ, ಸಂಬಳ ಬೇಡ ಅಂದ್ಲು. ಆತ ನೆಲ ನೋಡ್ಕೊಂಡು ಆಗಲ್ಲ ಅಂದ. ಪಾಪ, ಅವನಿಗೂ ಇಷ್ಟ ಇರಲಿಲ್ಲ. ಆಮೇಲೆ ಹೋಟೆಲಿಗೆ ಹೋಗಿ ಹೊಟ್ಟೆ ತುಂಬಾ ಪ್ಯಾನ್‌ಕೇಕ್ ತಿಂದ್ವಿ. ಭಾರಿ ಹಸಿವಾಗಿತ್ತು."

ಅತ್ತೆ ತಲೆಯಾಡಿಸಿದರು. "ಮನಿಯಾಗ ಏನಂದ್ರಂತ?"

"ಮೂರು ದಿನ ರೈಲು. ಸ್ಟೇಷನ್‌ಗೆ ಅಮ್ಮ ಬಂದಿದ್ರು. ಎಷ್ಟು ದಿನ ರಜೆ ಅಂತ ಕೇಳಿದ್ರು. ಕ್ರಿಸ್‌ಮಸ್ ರಜೆ ಅಂದೆ. ಅಮ್ಮಂಗೆ ನಾನು ಹಾರೋದು ಅಂದ್ರೆ ಅಷ್ಟು ಹೆಮ್ಮೆ. ಹೊಸ ವರ್ಷ ಕಳೆದು ಒಂದು ವಾರ ಆದ್ರೂ ನಾನು ಹೊರಡಲಿಲ್ಲ. ಆಗ ಹೇಳಲೇಬೇಕಾಯ್ತು."

ಕನ್ನಡದಲ್ಲಿ ಹೇಳುತ್ತ ಹೇಳುತ್ತ ನನ್ನ ದನಿ ಸಣ್ಣದಾಯಿತು. ಮುಗಿಸಿದಾಗ ಅತ್ತೆ ಅಜ್ಜಿಯ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿದರು.

"ಹಂಗಾರ ನೀನೂ ಹೇಳು. ದಿನಾ ಮುಂಜಾನೆ ಡಬ್ಬಿ ತಗೊಂಡು ಎಲ್ಲಿಗೆ ಹೋಗಾಕತ್ತೀ?"



"ಅತ್ತೆ, ನಿಮಗೆ ಹೇಗೆ..."

"ನಿನ್ನ ಕೊರಳಾಗಿನ ಪಟ್ಟಿ ಕಾಣವಲ್ದು, ಎರಡು ವಾರದ ಮ್ಯಾಲಾತು. ಮೂವತ್ತಾರು ವರ್ಷ ಹುಡುಗ್ರ ಮುಂದ ನಿಂತೀನಿ. ಯಾರು ಲೆಕ್ಕ ಮಾಡಿಲ್ಲಂತ ಮಾರಿ ನೋಡಿದ್ರ ತಿಳೀತದ."

"ಮತ್ಯಾಕೆ ಕೇಳ್ಲಿಲ್ಲ?"

"ನೀ ಹೇಳ್ತೀ ಅಂತ ಕಾಯ್ಕೋತ ಕುಂತಿದ್ದೆ."

"ಏನಂತೆ? ಏನು ಹೇಳ್ತಿದಾರೆ?" ಎಂದು ಅಜ್ಜಿ ಕೇಳಿದರು. ನಾನು ಅಳುತ್ತಲೇ ಅದನ್ನೂ ಇಂಗ್ಲಿಷಿಗೆ ತಿರುಗಿಸಿ ಹೇಳಬೇಕಾಯಿತು. ಅಜ್ಜಿ ನನ್ನ ಮುಂದೆ ಟಿಶ್ಯೂ ಡಬ್ಬಿ ಸರಿಸಿದರು. ಅತ್ತೆ ತಾವು ತಂದ ಉಂಡೆಯೊಂದನ್ನು ನನ್ನ ತಟ್ಟೆಗೆ ಹಾಕಿದರು.

"ನಾಳಿಂದ ಲೈಬ್ರರಿ ಬ್ಯಾಡ. ಮನ್ಯಾಗ ಬಿಸಿದು ಉಣ್ಣು. ಅರ್ಜಿ ಬರೀಲಿಕ್ಕೆ ಮನ್ಯಾಗೂ ಮೇಜು ಅದ" ಎಂದರು. ಅಷ್ಟೇ. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಧಾರವಾಡಕ್ಕೆ ಫೋನ್ ಮಾಡಿದಾಗ ಮಾತ್ರ, ನಾನು ಕೇಳಿಸಿಕೊಳ್ಳುವಂತೆ, "ಸೊಸಿ ಸದ್ಯ ಮನ್ಯಾಗ ಇದ್ದಾಳ, ಹೊಸಾ ಕೆಲಸ ನೋಡಾಕತ್ಯಾಳ" ಎಂದು ತಮ್ಮ ತಂಗಿಗೆ ಸಲೀಸಾಗಿ ಹೇಳಿದರು. ನಾನು ಮೂರು ವಾರ ಹೊತ್ತು ತಿರುಗಿದ ಮಾತು ಅವರ ಬಾಯಲ್ಲಿ ಒಂದೇ ಉಸಿರಿಗೆ ಮುಗಿದುಹೋಯಿತು.

ಆ ಬೇಸಿಗೆಯಲ್ಲಿ ನಮ್ಮ ಮನೆಗೂ ಎದುರು ಮನೆಗೂ ಓಡಾಟ ಹೆಚ್ಚಿತು. ಹಣ್ಣು ಬಿಡಿಸಲು ಅತ್ತೆ ಹೋಗುತ್ತಿದ್ದರು. ನಾನಿಲ್ಲದಾಗ ಮಗಳು ಅವರಿಬ್ಬರ ನಡುವೆ ಭಾಷಾಂತರಕ್ಕೆ ನಿಲ್ಲುತ್ತಿದ್ದಳು. ಅವಳಿಗೆ ಕನ್ನಡ ತಿಳಿಯುತ್ತದೆ, ಆಡುವುದು ಇಂಗ್ಲಿಷ್. ಹೀಗಾಗಿ ಅತ್ತೆಯ ಮಾತು ಆ ಕಡೆಗೆ ಚೆನ್ನಾಗಿ ಹೋಗುತ್ತಿತ್ತು, ಆ ಕಡೆಯದು ಮಾತ್ರ "ಅಜ್ಜಿ, ಶೀ ಸೆಡ್ ಓಕೆ" ಎಂದಷ್ಟೇ ಆಗಿ ತಲುಪುತ್ತಿತ್ತು. ಅಷ್ಟರಲ್ಲೇ ಇಬ್ಬರಿಗೂ ನಡೆಯುತ್ತಿತ್ತು.

ಜುಲೈನಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಕಾಲ್ ಮಾಡಿದರು. ಸಿಯಾಟಲ್‌ನ ಯೂನಿವರ್ಸಿಟಿ ಡಿಸ್ಟ್ರಿಕ್ಟ್‌ನ ಒಂದು ಪ್ರಯೋಗಾಲಯದಲ್ಲಿ ಪರೀಕ್ಷೆಯ ಯಂತ್ರಗಳನ್ನು ನೋಡಿಕೊಳ್ಳುವ, ವಿದ್ಯಾರ್ಥಿಗಳಿಗೆ ಕಲಿಸಿಕೊಡುವ ಕೆಲಸವಿದೆ. ಆರು ತಿಂಗಳಿಗೆ ಮಾತ್ರ, ಆಮೇಲೆ ಏನೋ ಗೊತ್ತಿಲ್ಲ ಎಂದರು. ನಾನು ಅದೇ ಊರಿನಲ್ಲಿ ವಿದ್ಯಾರ್ಥಿನಿಯಾಗಿ ಇಂಥದೇ ಯಂತ್ರದ ಮುಂದೆ ನಿಂತವಳು. ಹದಿನೈದು ವರ್ಷದ ಮೇಲೆ ಮತ್ತೆ ಅಲ್ಲಿಗೇ ಹೋಗುವುದೇ ಎಂದು ಮನಸ್ಸು ಹಿಂಜರಿಯಿತು. ನನ್ನ ಅನುಭವಕ್ಕೆ ಅದು ಚಿಕ್ಕದು ಎಂದು ಅಜ್ಜಿಯ ಮುಂದೆ ಅಂದೆ.

ಅವರು ಹಣ್ಣಿನ ಬುಟ್ಟಿ ಕೆಳಗಿಟ್ಟರು.

"ನಾನು ವಾಪಸ್ ಬಂದ್ಮೇಲೆ ಸಿಕ್ಕ ಸಿಕ್ಕ ಕಡೆ ಬರೆದೆ. ಪೈಲಟ್ ಆಗಿ ಯಾರೂ ತಗೊಳ್ಳಲಿಲ್ಲ. ಒಂದು ಕಡೆಯವರು ಬೇಕಿದ್ರೆ ಪ್ರಯಾಣಿಕರಿಗೆ ಕಾಫಿ ಕೊಡೋ ಕೆಲಸ ಇದೆ ಅಂದ್ರು. ನನಗೆ ಎಷ್ಟು ಕೋಪ ಬಂತು ಅಂದ್ರೆ, ಇನ್ನು ವಿಮಾನದ ಹತ್ರಾನೇ ಹೋಗಲ್ಲ ಅಂತ ತೀರ್ಮಾನ ಮಾಡಿದೆ. ಸಿಯಾಟಲ್‌ಗೆ ಬಂದು ಗುಮಾಸ್ತೆ ಆದೆ, ಆಮೇಲೆ ಬಸ್ಸು. ಬಸ್ಸಿನ ಬಗ್ಗೆ ಬೇಜಾರಿಲ್ಲ, ಆ ಮಕ್ಕಳು ನನಗೆ ಬೇಕಾಗಿದ್ರು. ಆದ್ರೆ ಹನ್ನೊಂದು ವರ್ಷ ನಾನು ತಲೆ ಎತ್ತಿ ಆಕಾಶ ನೋಡಲಿಲ್ಲ. ನನ್ನ ಕೋಪ ಸರಿಯಾಗೇ ಇತ್ತು. ಆದ್ರೆ ಕಳೆದುಹೋದ ವರ್ಷಗಳು ನನ್ನವು, ಅವರವಲ್ಲ."

ಆ ಹನ್ನೊಂದು ವರ್ಷದ ಮೇಲೆ ಬಸ್ ಡಿಪೋದ ಮೆಕ್ಯಾನಿಕ್ ಒಬ್ಬ ತನ್ನ ಪುಟ್ಟ ವಿಮಾನದಲ್ಲಿ ಕೂರಿಸಿಕೊಂಡನಂತೆ. ಅಲ್ಲಿಂದ ಎಪ್ಪತ್ತೆಂಟನೆಯ ವಯಸ್ಸಿನವರೆಗೆ ಭಾನುವಾರಗಳಂದು ಹಾರಿದ್ದರು. ಮೂವತ್ತು ಚಿಲ್ಲರೆ ವರ್ಷ ಕಳೆದ ಮೇಲೆ ಸರ್ಕಾರ ಅವರೆಲ್ಲರನ್ನೂ ಮಾಜಿ ಸೈನಿಕರೆಂದು ಒಪ್ಪಿಕೊಂಡಿತು, ಬಹಳ ತಡವಾಗಿ ಒಂದು ಪದಕವನ್ನೂ ಕಳಿಸಿತು. ಪದಕ ಎಲ್ಲಿದೆ ಎಂದರೆ ಅವರು ನಾಲ್ಕು ಡ್ರಾಯರ್ ಹುಡುಕಬೇಕಾಯಿತು.

ಮಾರನೆಯ ದಿನವೇ ನಾನು ಪ್ರಯೋಗಾಲಯಕ್ಕೆ ಫೋನ್ ಮಾಡಿದೆ. ಆಗಸ್ಟ್ ಮೊದಲ ವಾರ ಸೇರಿಕೊಂಡೆ.

ಅದೇ ತಿಂಗಳು ಇಲ್ಲಿನ ಕೆಲವು ಮಹಿಳಾ ಪೈಲಟ್‌ಗಳು ಅಜ್ಜಿಯ ಹುಟ್ಟುಹಬ್ಬಕ್ಕೆ ಅವರನ್ನು ಒಂದು ಸುತ್ತು ಹಾರಿಸುತ್ತೇವೆಂದು ಒಂದು ಸಣ್ಣ ವಿಮಾನ ನಿಲ್ದಾಣಕ್ಕೆ ಕರೆದರು. ನಾವೂ ಹೋದೆವು. ಬಿಸಿಲು ಚೆನ್ನಾಗಿತ್ತು, ರೇನಿಯರ್ ಬೆಟ್ಟ ಪೂರ್ತಿ ಕಾಣುತ್ತಿತ್ತು. ಅಜ್ಜಿ ವಿಮಾನವನ್ನು ಕೈಯಿಂದ ತಡವುತ್ತ ಸುತ್ತ ನಡೆದರು, ರೆಕ್ಕೆಯ ಅಂಚನ್ನು ಬೆರಳಿನಿಂದ ಪರೀಕ್ಷಿಸಿದರು. ಆಮೇಲೆ ನಿಂತುಬಿಟ್ಟರು.

"ನನಗೆ ದಿಗಂತ ಕಾಣಲ್ಲ. ಸಾಮಾನಿನ ಹಾಗೆ ಕೂತು ಹೋಗೋಕೆ ಇಷ್ಟ ಇಲ್ಲ" ಎಂದರು. ಪೈಲಟ್ ಹುಡುಗಿ ಪೆಚ್ಚಾದಳು. ಅಜ್ಜಿ ಅತ್ತೆಯ ತೋಳು ಹಿಡಿದರು. "ಈಕೆ ಹೋಗಲಿ."

ಅತ್ತೆ ಬೇಡವೆನ್ನುತ್ತಾರೆ ಎಂದುಕೊಂಡೆ. ಅವರು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. "ಎಲ್ಲೆ ಹತ್ತಬೇಕು?" ಎಂದರು.

ಅರವತ್ತೆಂಟು ವರ್ಷದ ಗಣಿತದ ಮೇಡಂ, ಸ್ವೆಟರ್ ಮೇಲೆ ಬೆಲ್ಟು, ಕಿವಿಗೆ ಹೆಡ್‌ಫೋನ್, ಮುಂದಿನ ಸೀಟಿನಲ್ಲಿ ಕೂತು ಮೇಲೆ ಹೋದರು. ಅಜ್ಜಿ ಕಣ್ಣು ಮುಚ್ಚಿ ಎಂಜಿನ್ನಿನ ಸದ್ದು ಕೇಳುತ್ತ ನಿಂತರು. "ಈಗ ತಿರುಗಿದ್ಲು... ಈಗ ನೇರ ಮಾಡಿದ್ಲು... ಚೆನ್ನಾಗಿ ಓಡಿಸ್ತಾಳೆ" ಎಂದು ನನಗೆ ಹೇಳುತ್ತಲೇ ಇದ್ದರು. ಅಷ್ಟು ಸಂತೋಷವಾಗಿದ್ದ ಅವರನ್ನು ನಾನು ಮತ್ತೆಂದೂ ಕಾಣಲಿಲ್ಲ.

ಇಳಿದು ಬಂದ ಅತ್ತೆಯ ಕೂದಲೆಲ್ಲ ಕೆದರಿತ್ತು. "ಎಲ್ಲಾ ಕಾಣ್ತದ ಅಲ್ಲಿಂದ. ನಿನ್ನ ಲೈಬ್ರರಿ ಸೈತ ಕಂಡ್ತು" ಎಂದರು. ಆಮೇಲೆ ಅಜ್ಜಿಯ ಎರಡೂ ಕೈ ಹಿಡಿದು ಶುದ್ಧ ಧಾರವಾಡದ ಕನ್ನಡದಲ್ಲಿ ಹತ್ತು ನಿಮಿಷ ಮಾತಾಡಿದರು. ನಾನು ಭಾಷಾಂತರಿಸಲು ಹೋದಾಗ ಅಜ್ಜಿ ಬೇಡವೆಂದು ತಲೆಯಾಡಿಸಿದರು.

ಅಕ್ಟೋಬರ್‌ನಲ್ಲಿ ಅತ್ತೆ ಊರಿಗೆ ಹೋದರು. ಅಜ್ಜಿ ಇನ್ನೂ ಎರಡು ಚಳಿಗಾಲ ಇದ್ದರು. ಒಂದು ಮುಂಜಾನೆ ಅವರ ಸೋದರಸೊಸೆ ಬಂದು, ನಿದ್ದೆಯಲ್ಲೇ ಹೋದರೆಂದು ಹೇಳಿದಳು. ಅಂತ್ಯಕ್ರಿಯೆಯ ದಿನ ಪೆಟ್ಟಿಗೆಯ ಮೇಲೆ ಬಾವುಟ ಹೊದಿಸಿದ್ದರು. ಸೈನ್ಯದ ಇಬ್ಬರು ತರುಣಿಯರು ಅದನ್ನು ಮಡಚಿ ಸೋದರಸೊಸೆಯ ಕೈಗಿತ್ತರು. ಚರ್ಚಿನಲ್ಲಿ ಜಾಗ ಸಾಲದೆ ಜನ ಹೊರಗೂ ನಿಂತಿದ್ದರು. ನನ್ನ ಪಕ್ಕದಲ್ಲಿ ಬಿಳಿ ಗಡ್ಡದ ದೊಡ್ಡ ಆಸಾಮಿಯೊಬ್ಬ ಕಣ್ಣೊರೆಸಿಕೊಳ್ಳುತ್ತಿದ್ದ. ಬಂಧುವೇ ಎಂದು ಕೇಳಿದೆ. "ಅಲ್ಲ. ಅವರ ಬಸ್ಸಿನಲ್ಲಿ ಸ್ಕೂಲಿಗೆ ಹೋಗ್ತಿದ್ದೆ" ಎಂದ. ಸುತ್ತ ನೋಡಿದೆ, ಅರ್ಧಕ್ಕಿಂತ ಹೆಚ್ಚು ಜನ ಅಂಥವರೇ.

ಆರು ತಿಂಗಳೆಂದು ಸೇರಿದ ಪ್ರಯೋಗಾಲಯದಲ್ಲಿ ನಾನು ಇವತ್ತಿಗೂ ಇದ್ದೇನೆ. ವರ್ಷಕ್ಕೆ ಹದಿನೈದಿಪ್ಪತ್ತು ಹುಡುಗ ಹುಡುಗಿಯರು ನನ್ನ ಕೈಕೆಳಗೆ ಹಲಗೆ ಮುರಿಯುವುದನ್ನು ಕಲಿತು ಹೋಗುತ್ತಾರೆ. ಮೊದಲಿನ ಕೆಲಸಕ್ಕಿಂತ ಇದು ನನಗೆ ಹೆಚ್ಚು ಒಗ್ಗಿದೆ. ಕಿಟಕಿ ತಟ್ಟಿದ ಅಜ್ಜಿಗೂ, ನಾನಾಗಿ ಹೇಳಲೆಂದು ಕಾದ ಅತ್ತೆಗೂ ನಾನು ಎಷ್ಟು ಋಣಿ ಎಂದು ಅವರಿಬ್ಬರಿಗೂ ಸರಿಯಾಗಿ ಹೇಳಿದ್ದಿಲ್ಲ. ಒಬ್ಬರಿಗೆ ಹೇಳುವ ಕಾಲ ಮೀರಿತು. ಇನ್ನೊಬ್ಬರಿಗೆ ಫೋನಿನಲ್ಲಿ ಹೇಳಲು ಹೋದರೆ "ಅದೆಲ್ಲಾ ಇರ್ಲಿ, ಊಟಕ್ಕ ಏನ್ ಮಾಡೀದಿ?" ಎಂದು ಮಾತು ತಿರುಗಿಸುತ್ತಾರೆ.

ಅತ್ತೆ ಧಾರವಾಡದಲ್ಲಿ ತಮ್ಮ ಓರಗೆಯ ನಿವೃತ್ತ ಮೇಡಂಗಳಿಗೆ ಎದುರು ಮನೆಯವರ ಕತೆ ಹೇಳುತ್ತಲೇ ಇರುತ್ತಾರೆ. ಹೋದ ಸಲ ನಾನು ಊರಿಗೆ ಹೋಗಿದ್ದಾಗ ಒಬ್ಬರು ಮನೆಗೆ ಬಂದು, ಜರ್ಮನಿಯ ಮೇಲೆ ಬಾಂಬು ಹಾಕಿದ ಹೆಂಗಸು ನಿಮ್ಮ ಎದುರಿಗೇ ಇದ್ದರಂತೆ ಎಂದರು.

"ಅತ್ತೆ, ಅವರನ್ನ ಯುದ್ಧಕ್ಕೆ ಕಳಿಸ್ಲೇ ಇಲ್ಲ. ನಿಮಗೂ ಗೊತ್ತಲ್ಲ" ಎಂದೆ.

"ಕಳಿಸಿದ್ರ ಹಾಕಿ ಬರ್ತಿದ್ರು ಬಿಡು" ಎಂದರು ಅತ್ತೆ, ಮತ್ತೆ ಕತೆಯನ್ನು ಮೊದಲಿನಿಂದ ಶುರುಮಾಡಿದರು. ಈ ಸಲ ನಾನು ನಡುವೆ ಬಾಯಿ ಹಾಕಲಿಲ್ಲ.